ಕುರುಡಿಗೊಂದು ಅಳತೆ, ನಮ್ಮ ದೋಣಿಗೊಂದು ಪುಸ್ತಕ

ಮಾನ್ಯ ಸಂಪಾದಕರೇ,

ಇವತ್ತು ಅಷ್ಟಮಿ. ಹೊಳೆಯಲ್ಲಿ ಹರಿವು ಕಮ್ಮಿ, ಗಾಳಕ್ಕೆ ಮೀನು ಬಾಯಿ ಹಾಕುವುದಿಲ್ಲ. ಹಾಗಾಗಿ ಗಾಳ ಹಾಕಲು ನನ್ನ ದೋಣಿ ಹತ್ತುವ ಗಿರಾಕಿಗಳಿಗೆ ಬರಬೇಡಿ ಎಂದು ಫೋನ್ ಮಾಡಿ ಈ ಪತ್ರ ಬರೆಯಲು ಕೂತಿದ್ದೇನೆ.

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ನಮ್ಮ ಬಗ್ಗೆ ಬರೆದಿದ್ದರು. ನಮ್ಮ ಹೆಸರು ಹಾಕಿರಲಿಲ್ಲ, ಆದರೆ ಕುಂದಾಪುರ ಗಂಗೊಳ್ಳಿ ನಡುವಿನ ಹೊಳೆ ಎಂದ ಮೇಲೆ ಇಲ್ಲಿ ಈ ಕೆಲಸ ಮಾಡುವ ದೋಣಿ ನಾಲ್ಕೋ ಐದೋ ಇವೆ, ಅದರಲ್ಲಿ ಒಂದು ನನ್ನದು. 'ಬೆಂಗಳೂರಿನಿಂದ ಬಂದವರು ಸಾವಿರಗಟ್ಟಲೆ ಕೊಟ್ಟು ಗಾಳ ಹಾಕುತ್ತಾರೆ, ಮೀನಿನ ಬಾಯಿ ಹರಿದು ಫೋಟೋ ತೆಗೆದು ವಾಪಸ್ ನೀರಿಗೆ ಎಸೆಯುತ್ತಾರೆ, ತಿನ್ನುವುದಾದರೆ ತಿನ್ನಲಿ, ಇದೆಂಥ ಮೋಜು, ಇಂಥ ದೋಣಿಗಳನ್ನು ನಿಲ್ಲಿಸಬೇಕು' ಅಂತ ಬರೆದಿದ್ದರು. ನಮ್ಮ ಮನೆಯಲ್ಲಿ ಇದನ್ನು ಮಗಳು ಗಟ್ಟಿಯಾಗಿ ಓದಿದಳು. ನನಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ನೋಡಿದರೆ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಅರ್ಧ ಯಾವುದು, ಉಳಿದ ಅರ್ಧ ಯಾವುದು ಅಂತ ಹೇಳುವುದಕ್ಕೇ ಈ ಪತ್ರ. ತಲೆಬರಹದ ಕುರುಡಿ ಅಂದರೆ ನಮ್ಮ ಹೊಳೆಯ ಒಂದು ದೊಡ್ಡ ಮೀನು.

ನನಗೆ ಈಗ 52. ಹದಿನೇಳನೇ ವಯಸ್ಸಿಗೆ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟಿಗೆ ಕಲಾಸಿಯಾಗಿ, ಅಂದರೆ ಕೆಲಸದಾಳಾಗಿ ಹತ್ತಿದವ. ಇಪ್ಪತ್ತು ವರ್ಷ ಬಲೆ ಎಳೆದೆ. ಮಂಡಿ ಹೋಯಿತು. ಬೋಟ್ ಬಿಟ್ಟು ಮನೆಯಲ್ಲಿ ಕೂತಾಗ ಅಪ್ಪನ ಹಳೆಯ ಸಣ್ಣ ದೋಣಿಯೊಂದು ತೆಂಗಿನ ಮರದ ಬುಡದಲ್ಲಿ ಕವುಚಿ ಹಾಕಿದ್ದು ಹಾಗೇ ಇತ್ತು. ಅಪ್ಪ ಗಾಳದ ಮನುಷ್ಯ. ಬಲೆಯವರು ಸಮುದ್ರಕ್ಕೆ ಹೋದರೆ ಅವರು ಹೊಳೆಗೇ ಹೋಗುತ್ತಿದ್ದರು, ಕೈಯಲ್ಲಿ ಸುತ್ತಿದ ತಂಗೂಸಿ ದಾರ, ಡಬ್ಬಿಯಲ್ಲಿ ಜೀವಂತ ಸಿಗಡಿ. ನನಗೆ ಈ ಹೊಳೆಯ ಬಗ್ಗೆ ಗೊತ್ತಿರುವುದರಲ್ಲಿ ಮುಕ್ಕಾಲು ಅವರು ಹೇಳಿದ್ದು.

ಹನ್ನೊಂದು ವರ್ಷದ ಹಿಂದೆ ಬೆಂಗಳೂರಿನ ಇಬ್ಬರು ಹುಡುಗರು ಬಂದರು. ಕಂಪ್ಯೂಟರ್ ಕೆಲಸದವರು. ಉದ್ದ ಚೀಲದಲ್ಲಿ ಗಾಳದ ಎರಡು ರಾಡ್, ಡಬ್ಬಿ ತುಂಬ ಪ್ಲಾಸ್ಟಿಕ್ ಮೀನು. ದಂಡೆಯಲ್ಲಿ ನಿಂತು ಬೆಳಗ್ಗಿನಿಂದ ಮಧ್ಯಾಹ್ನದ ತನಕ ಎಸೆದರು. ಸಿಕ್ಕಿದ್ದು ಉಬ್ಬಿಕೊಳ್ಳುವ ಆ ಚೆಂಡಿನಂಥ ಮೀನು ಎರಡು. ಅದು ಅವರ ರಬ್ಬರ್ ಮೀನಿನ ಬಾಲವನ್ನೆಲ್ಲ ಕತ್ತರಿ ಹಾಕಿದ ಹಾಗೆ ಕಡಿದು ಹಾಕಿತ್ತು. ನೋಡಿ ಪಾಪ ಅನಿಸಿತು. 'ಹ್ವಾಯ್, ಇಲ್ಲಿ ನಿಂತ್ರೆ ಎಂತದೂ ಸಿಕ್ಕುದಿಲ್ಲ, ದೋಣಿ ಹತ್ತಿ' ಅಂದೆ. ಆ ದಿನ ಸಂಜೆ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ಸಂದಿಯಿಂದ ಒಂದೂವರೆ ಕೆಜಿಯ ಕೆಂಬೇರಿ ಎಳೆದರು. ಆ ಹುಡುಗ ಮೀನು ಹಿಡಿದುಕೊಂಡು ಅತ್ತೇ ಬಿಟ್ಟ. ಹೋಗುವಾಗ ಕೈಗೆ ಎರಡು ಸಾವಿರ ಇಟ್ಟರು. ನಾನು ಬೇಡ ಅಂದೆ. ಆಮೇಲೆ ತಗೊಂಡೆ. ಹೀಗೆ ಶುರುವಾಯಿತು ನನ್ನ 'ಗೈಡ್' ಕೆಲಸ. ಆ ಹೆಸರು ಅವರು ಇಟ್ಟದ್ದು, ನಮ್ಮೂರಲ್ಲಿ ಈಗಲೂ ನನ್ನನ್ನು 'ಬೆಂಗಳೂರಿನವರನ್ನು ತಿರುಗಿಸುವವ' ಅಂತಲೇ ಕರೆಯುತ್ತಾರೆ.

ಈ ಕೆಲಸದಲ್ಲಿ ಏನಿದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಸೌಪರ್ಣಿಕೆ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ಹೊಳೆ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಅದಕ್ಕೇ ಪಂಚಗಂಗಾವಳಿ. ನಡುವೆ ಬಬ್ಬುಕುದ್ರು, ಉಪ್ಪಿನಕುದ್ರು, ಹಟ್ಟಿಕುದ್ರು ಅಂತ ಕುದ್ರುಗಳು, ಅಂದರೆ ನಡುಗಡ್ಡೆಗಳು, ಅವುಗಳ ಅಂಚಿಗೆ ಕಾಂಡ್ಲಾ ಕಾಡು. ಬೆಚ್ಚಗಿನ ಉಪ್ಪುನೀರು ಭರತದಲ್ಲಿ ಮೇಲೆ ಬರುತ್ತದೆ, ಇಳಿತದಲ್ಲಿ ಸಿಹಿನೀರು ಕೆಳಗೆ ಹೋಗುತ್ತದೆ. ಮೀನು ಈ ನೀರಿನ ಜೊತೆ ಬರುತ್ತದೆ, ನೀರಿನ ಜೊತೆ ಹೋಗುತ್ತದೆ. ನಾವು ಅದಕ್ಕಿಂತ ಸ್ವಲ್ಪ ಮೊದಲು ಹೋಗಿ ಕಾಯಬೇಕು, ಅಷ್ಟೇ ವಿದ್ಯೆ.

ಹುಡುಗರು ಮೊಬೈಲಿನಲ್ಲಿ ಭರತದ ಟೈಮ್ ನೋಡುತ್ತಾರೆ. ಅಪ್ಪ ತಿಥಿ ನೋಡುತ್ತಿದ್ದರು. ಇವತ್ತು ಭರತ ಎಷ್ಟು ಹೊತ್ತಿಗೆ ಅಂತ ಗೊತ್ತಿದ್ದರೆ ನಾಳೆ ಅದಕ್ಕೆ ಎರಡು ಗಳಿಗೆ ಸೇರಿಸು ಅನ್ನುತ್ತಿದ್ದರು. ಎರಡು ಗಳಿಗೆ ಅಂದರೆ 48 ನಿಮಿಷ. ಮೊಬೈಲ್ ಹೇಳುವುದೂ ಹೆಚ್ಚುಕಮ್ಮಿ ಅಷ್ಟೇ. ಹುಣ್ಣಿಮೆ ಅಮಾಸೆಗೆ ನೀರು ಜೋರು, ಅಷ್ಟಮಿಗೆ ಮಂದ. ಅಮಾಸೆ ಆಸುಪಾಸಿನಲ್ಲಿ ಬೆಳಗಿನ ಜಾವ ನೀರು ಪೂರ್ತಿ ಇಳಿದಿರುತ್ತದೆ. ಕಾಂಡ್ಲಾ ಬೇರುಗಳೆಲ್ಲ ಬರಿ ಮೈಯಲ್ಲಿ ನಿಂತಿರುತ್ತವೆ, ಕೆಸರಿನ ವಾಸನೆ. ನೀರುನಾಯಿ ಇದ್ದರೆ ಆಗಲೇ ಕಾಣುವುದು. ಆಮೇಲೆ ಸಮುದ್ರದ ಕಡೆಯಿಂದ ಮೊದಲ ನೀರು ತೆಳ್ಳಗೆ ಒಳಗೆ ನುಗ್ಗುತ್ತದೆ, ಸಣ್ಣ ಮೀನುಗಳು ಅದರ ಮೇಲೆ ಮಳೆಹನಿಯ ಹಾಗೆ ಚಿಟಿಚಿಟಿ ಹಾರುತ್ತವೆ. ಆ ಅರ್ಧ ಗಂಟೆಗಾಗಿಯೇ ಜನ ರಾತ್ರಿ ಬಸ್ಸು ಹತ್ತಿ ಬರುವುದು.

ಕೆಂಬೇರಿ ಬೇರಿನ ಬುಡದಲ್ಲಿ, ತಡೆಗೋಡೆಯ ಕಲ್ಲಿನ ಸಂದಿಯಲ್ಲಿ ಇರುತ್ತದೆ. ಕಚ್ಚಿದ ಕೂಡಲೇ ಮನೆಗೆ ಓಡುತ್ತದೆ. ಎರಡು ಸೆಕೆಂಡಿನೊಳಗೆ ತಿರುಗಿಸದಿದ್ದರೆ ದಾರ ಕಲ್ಲಿಗೆ ಉಜ್ಜಿ ಕಡಿದು ಹೋಯಿತು. ಕುರುಡಿ ಹಾಗಲ್ಲ. ಅದು ಹರಿವಿನ ಅಂಚಿನಲ್ಲಿ, ಸೇತುವೆಯ ಕಂಬದ ನೆರಳಿನಲ್ಲಿ ಸುಮ್ನೆ ನಿಂತಿರುತ್ತದೆ. ಬಾಯಿ ತೆರೆದರೆ ಟಪ್ ಅಂತ ಶಬ್ದ, ತೆಂಗಿನಕಾಯಿ ನೀರಿಗೆ ಬಿದ್ದ ಹಾಗೆ. ಕಚ್ಚಿದ ಮೇಲೆ ನೀರಿನಿಂದ ಹೊರಗೆ ಹಾರಿ ತಲೆ ಕೊಡವುತ್ತದೆ. ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ, ಕೈ ಇಟ್ಟರೆ ಕೈ ಹೋಯಿತು, ದಾರ ತಾಗಿದರೆ ದಾರ ಹೋಯಿತು. ಸಂಜೆ ದೀಪ ಹಿಡಿದರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಇದನ್ನೇ ಪೇಟೆಯವರು ಸೀಬಾಸ್ ಅನ್ನುವುದು. ಗೋವೆಯವರು ಚೋಣಕ್ ಅನ್ನುತ್ತಾರೆ, ಆಸ್ಟ್ರೇಲಿಯಾದವರು ಬಾರಮುಂಡಿ.

ದುಡ್ಡಿನ ಮಾತು ಮುಚ್ಚಿಡುವುದಿಲ್ಲ. ಅರ್ಧ ದಿನಕ್ಕೆ ಇಬ್ಬರಿಗೆ ನಾಲ್ಕು ಸಾವಿರ ತಗೊಳ್ಳುತ್ತೇನೆ. ಪೆಟ್ರೋಲ್, ಸಿಗಡಿ, ಮನೆಯವಳು ಮಾಡಿಕೊಡುವ ತಿಂಡಿ ಎಲ್ಲ ಅದರಲ್ಲೇ. ಮೂರು ಕೆಜಿಯ ಕುರುಡಿ ಮಾರಿದರೆ ನನಗೆ ಸಿಗುವುದು ಹದಿನೈದು ಹದಿನೆಂಟು ನೂರು, ಅದೂ ಒಂದೇ ಸಲ. ಅದೇ ಮೀನು ಹೊಳೆಯಲ್ಲಿದ್ದರೆ ಇನ್ನೊಬ್ಬರು ಬರುತ್ತಾರೆ, ಮತ್ತೊಬ್ಬರು ಬರುತ್ತಾರೆ. ಪತ್ರ ಬರೆದವರು ತಿನ್ನುವುದಾದರೆ ತಿನ್ನಲಿ ಅಂದರಲ್ಲ, ಅದಕ್ಕೆ ನನ್ನ ಉತ್ತರ ಇದು. ತಿಂದರೆ ಒಂದು ಹೊತ್ತಿನ ಊಟ. ಬಿಟ್ಟರೆ ನನ್ನ ಮಗಳ ಕಾಲೇಜಿನ ಫೀಸು.

ಈಗ ಅವರು ಹೇಳಿದ್ದರಲ್ಲಿ ಸರಿ ಇರುವ ಅರ್ಧಕ್ಕೆ ಬರುತ್ತೇನೆ.

ಆರು ವರ್ಷದ ಹಿಂದೆ, ಮೇ ಕೊನೆ, ಮಳೆಗೆ ಇನ್ನೂ ವಾರ ಇತ್ತು. ಇಬ್ಬರು ಬಂದಿದ್ದರು. ಅಳಿವೆಗೆ ಹತ್ತಿರ, ಕಲ್ಲಿನ ಪಕ್ಕ, ಒಬ್ಬರಿಗೆ ದೊಡ್ಡ ಕುರುಡಿ ಬಿತ್ತು. ಇಪ್ಪತ್ತೈದು ನಿಮಿಷ ಎಳೆದರು. ನಾನು ಅಷ್ಟು ದೊಡ್ಡದನ್ನು ರಾಡಿನಲ್ಲಿ ನೋಡಿರಲಿಲ್ಲ. ದೋಣಿಗೆ ಎತ್ತಿದೆವು. ತೂಕ ಒಂಬತ್ತು ಕೆಜಿ. ಆಮೇಲೆ ಫೋಟೋ ಶುರು. ದವಡೆಗೆ ಕೊಕ್ಕೆ ಹಾಕಿ ನೇತು ಹಿಡಿದು ಒಂದು, ಎದೆಗೆ ಒತ್ತಿ ಒಂದು, ಕನ್ನಡಕ ತೆಗೆದು ಒಂದು, ಹಾಕಿ ಒಂದು. ಗೆಳೆಯನ ಮೊಬೈಲಿನಲ್ಲಿ ಜಾಗ ಇಲ್ಲ, ಹಳೆಯದನ್ನು ಅಳಿಸು ಅಂತ ಇನ್ನೊಂದಿಷ್ಟು ಹೊತ್ತು. ವಿಡಿಯೋ ಕಾಲ್ ಮಾಡಿ ಹೆಂಡತಿಗೆ ತೋರಿಸಿದರು. ದೋಣಿಯ ಹಲಗೆ ಬಿಸಿಲಿಗೆ ಕಾದಿತ್ತು. ಮೀನು ಅದರ ಮೇಲೆ ಎರಡು ಸಲ ಬಡಿಯಿತು, ಆಮೇಲೆ ಬಡಿಯಲಿಲ್ಲ. ನಾನೂ ಸುಮ್ಮನಿದ್ದೆ. ದುಡ್ಡು ಕೊಟ್ಟವರಲ್ವಾ, ಏನು ಹೇಳುವುದು ಅಂತ.

ಆಮೇಲೆ ಅವರು ದೊಡ್ಡ ಮನಸ್ಸು ಮಾಡಿ 'ರಿಲೀಸ್' ಮಾಡಿದರು, ಅದಕ್ಕೂ ಒಂದು ವಿಡಿಯೋ. ಮೀನು ತಲೆ ಕೆಳಗೆ ಮಾಡಿ ಮುಳುಗಿತು. ಚಪ್ಪಾಳೆ ತಟ್ಟಿದರು. ಹತ್ತು ನಿಮಿಷಕ್ಕೆ ದೋಣಿಯ ಹಿಂದೆ ಹೊಟ್ಟೆ ಮೇಲಾಗಿ ತೇಲಿ ಬಂತು. ಕಿವಿರು ಮೆಲ್ಲ ತೆರೆದು ಮುಚ್ಚುತ್ತಿತ್ತು. ನಾನು ಬಾಲ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿದೆ, ಅರ್ಧ ಗಂಟೆ. ಆಗಲಿಲ್ಲ.

ಮನೆಗೆ ತಂದೆ. ಮನೆಯವಳು ಕತ್ತಿಮಣೆ ಹಾಕಿ ಕೂತಳು. ಹೊಟ್ಟೆ ಸೀಳಿದವಳು ಕೈ ನಿಲ್ಲಿಸಿದಳು. ಒಳಗೆ ಎರಡು ಉದ್ದ ಹಳದಿ ಚೀಲ, ನನ್ನ ಮೊಣಕೈಯಿಂದ ಮಣಿಕಟ್ಟಿನಷ್ಟು, ತುಂಬಿ ಬಿರಿಯುವ ಹಾಗೆ. 'ಹ್ವಾಯ್, ಇದ್ ಬಸ್ರಿ ಅಲ್ದಾ?' ಅಂದಳು. ಆ ದಿನ ನಮ್ಮ ಮನೆಯಲ್ಲಿ ಮೀನಿನ ಸಾರು ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಇಳಿಯಲಿಲ್ಲ.

ಇದನ್ನು ಆ ವರ್ಷ ದೀಪಾವಳಿಗೆ ಬಂದ ಇನ್ನೊಬ್ಬ ಗಿರಾಕಿಗೆ ಹೇಳಿದೆ. ಅವರು ಮೈಸೂರು ಕಡೆಯವರು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಎಂಟು ವರ್ಷ ಕೆಲಸ ಮಾಡಿ ಬಂದವರು. ಕೇಳಿ ನಗಲಿಲ್ಲ. ಚೀಲದಿಂದ ಒಂದು ಉದ್ದ ಸ್ಟಿಕ್ಕರ್ ತೆಗೆದರು, ಟೈಲರ್ ಟೇಪಿನ ಹಾಗೆ ಸೆಂಟಿಮೀಟರ್ ಗುರುತು. 58ಕ್ಕೆ ಒಂದು ಗೆರೆ, 120ಕ್ಕೆ ಒಂದು ಗೆರೆ. ಅಲ್ಲಿ ಬಾರಮುಂಡಿ ಹಿಡಿದರೆ ಈ ಎರಡು ಗೆರೆಗಳ ನಡುವೆ ಇದ್ದರೆ ಮಾತ್ರ ಮನೆಗೆ ಒಯ್ಯಬಹುದು. ಸಣ್ಣದಿದ್ದರೂ ಬಿಡಬೇಕು, ದೊಡ್ಡದಿದ್ದರೂ ಬಿಡಬೇಕು. ಸಣ್ಣದು ಬಿಡುವುದು ನನಗೆ ಅರ್ಥವಾಯಿತು. ದೊಡ್ಡದು ಯಾಕೆ ಅಂದೆ.

ಆಗ ಅವರು ಹೇಳಿದ ಮಾತು ನನಗೆ 46 ವರ್ಷ ಈ ಹೊಳೆಯ ಪಕ್ಕ ಬದುಕಿಯೂ ಗೊತ್ತಿರಲಿಲ್ಲ. ಕುರುಡಿ ಮೊದಲು ಗಂಡು. ಪ್ರಾಯಕ್ಕೆ ಬರುವಾಗ ಗಂಡಾಗಿಯೇ ಬರುತ್ತದೆ. ಕೆಲವು ವರ್ಷ ಹಾಗೇ ಇದ್ದು, ಆಮೇಲೆ ಸುಮಾರು ಎಂಬತ್ತು ತೊಂಬತ್ತು ಸೆಂಟಿಮೀಟರ್ ಆಗುವ ಹೊತ್ತಿಗೆ ಹೆಣ್ಣಾಗುತ್ತದೆ. ಅಂದರೆ ನಾವು ಹೆಮ್ಮೆಯಿಂದ ನೇತು ಹಾಕಿ ಫೋಟೋ ತೆಗೆಯುವ ದೊಡ್ಡ ಮೀನೆಲ್ಲ ಹೆಚ್ಚುಕಮ್ಮಿ ತಾಯಂದಿರೇ. ಒಂದೊಂದರ ಹೊಟ್ಟೆಯಲ್ಲಿ ಹತ್ತಾರು ಲಕ್ಷ ಮೊಟ್ಟೆ. ದೊಡ್ಡದನ್ನೇ ಹುಡುಕಿ ಹುಡುಕಿ ಹಿಡಿದರೆ ಹೊಳೆಯಲ್ಲಿ ಉಳಿಯುವುದು ಬರೀ ಗಂಡು. ನಾನು ಆ ಒಂಬತ್ತು ಕೆಜಿಯ ಮೀನನ್ನು ನೆನೆದೆ. ಅಷ್ಟು ದೊಡ್ಡದಾಗಲು ಅದಕ್ಕೆ ಎಷ್ಟು ಮಳೆಗಾಲ ಬೇಕಾಯಿತೋ.

ಆ ಸ್ಟಿಕ್ಕರನ್ನು ಅವರು ನನಗೇ ಕೊಟ್ಟು ಹೋದರು. ಉಪ್ಪುನೀರಿಗೆ ಒಂದು ವರ್ಷದಲ್ಲಿ ಎದ್ದು ಹೋಯಿತು. ಅದು ಹೋಗುವ ಮೊದಲು ದೋಣಿಯ ಅಡ್ಡಹಲಗೆಯ ಮೇಲೆ ಉಳಿಯಿಂದ ಎರಡು ಕಚ್ಚು ಹಾಕಿಕೊಂಡೆ. ಕೆಳಗಿನದು 58. ಮೇಲಿನದು 80ಕ್ಕೆ ಹಾಕಿದೆ. ಅವರದ್ದು ದೊಡ್ಡ ನಾಡು, ನಮ್ಮದು ಸಣ್ಣ ಹೊಳೆ, 120 ಅಂತ ಕಾದರೆ ನಮ್ಮಲ್ಲಿ ಒಂದೂ ಉಳಿಯಲಿಕ್ಕಿಲ್ಲ ಅನಿಸಿತು. ಇದು ನನ್ನ ಲೆಕ್ಕ. ಮೀನಿನ ವಿಷಯ ಓದಿದವರು ಬೇರೆ ಲೆಕ್ಕ ಹೇಳಿದರೆ ಕಚ್ಚನ್ನು ಆಚೀಚೆ ಮಾಡಲು ನಾನು ತಯಾರು.

ಅಲ್ಲಿಂದ ನನ್ನ ದೋಣಿಯಲ್ಲಿ ಕೆಲವು ಕಟ್ಟಳೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಮೇಲೆಯೇ ನೀರಿಗೆ. ಆಗ ಬಾಯಿ ಹರಿಯುವುದಿಲ್ಲ, ಒಂದು ತಿರುಪಿಗೆ ಬಿಟ್ಟುಕೊಳ್ಳುತ್ತದೆ. (ಇದರಿಂದ ಮನುಷ್ಯರಿಗೂ ಅನುಕೂಲ. ಒಮ್ಮೆ ಗಿರಾಕಿಯ ಮೂರು ಮುಳ್ಳಿನ ಗಾಳ ನನ್ನ ಹೆಬ್ಬೆರಳಿಗೇ ಹೊಕ್ಕಿತು. ಹಿಮ್ಮುಳ್ಳು ಇದ್ದಿದ್ದರೆ ಆಸ್ಪತ್ರೆಯೇ ಗತಿ.) ಮೀನನ್ನು ನೇತು ಹಾಕುವಂತಿಲ್ಲ, ಹೊಟ್ಟೆಯ ಕೆಳಗೆ ಒದ್ದೆ ಕೈ ಕೊಡಬೇಕು. ಫೋಟೋಗೆ ನಾನು ಹತ್ತು ಎಣಿಸುವಷ್ಟು ಹೊತ್ತು. ಕ್ಯಾಮೆರಾ ಮೊದಲೇ ತೆರೆದಿರಬೇಕು. ಎರಡು ಕಚ್ಚಿನ ನಡುವಿನದು ಬೇಕಿದ್ದರೆ ದಿನಕ್ಕೆ ಒಂದು, ಮನೆಯವಳು ಹುರಿದು ಕೊಡುತ್ತಾಳೆ. ಉಳಿದದ್ದು ಹೊಳೆಗೆ.

ಎಲ್ಲರೂ ಒಪ್ಪುತ್ತಾರೆ ಅಂದುಕೊಳ್ಳಬೇಡಿ. ಹೋದ ವರ್ಷ ಒಬ್ಬರು 'ನಾನು ನಾಲ್ಕು ಸಾವಿರ ಕೊಟ್ಟಿದ್ದೇನೆ, ಮೀನು ನನ್ನದು' ಅಂತ ಜಗಳಕ್ಕೆ ಬಂದರು. 'ನಾಲ್ಕು ಸಾವಿರ ದೋಣಿಗೆ ಸಾರ್, ಮೀನಿಗಲ್ಲ' ಅಂದೆ. ದುಡ್ಡು ವಾಪಸ್ ಕೊಟ್ಟು ದಂಡೆಗೆ ಬಿಟ್ಟೆ. ಮರುದಿನ ಅವರು ಬೇರೆ ದೋಣಿ ಹತ್ತಿದರು. ಹತ್ತಿರ ಹತ್ತಿರ ಒಂದು ಮೀಟರಿನ ಕುರುಡಿ ಹಿಡಿದು, ಕಾರಿನ ಐಸ್ ಪೆಟ್ಟಿಗೆಗೆ ಬಾಲ ಮಡಚಿ ತುರುಕಿಕೊಂಡು ಹೋದರು. ಆ ದೋಣಿಯವನನ್ನು ನಾನು ಬೈಯಲಾರೆ. ಅವನಿಗೂ ಸಂಸಾರ ಇದೆ. ನಾನೊಬ್ಬ ಹಲಗೆಗೆ ಕಚ್ಚು ಹಾಕಿಕೊಂಡರೆ ನನ್ನ ಗಿರಾಕಿ ಪಕ್ಕದ ದೋಣಿಗೆ ಹೋಗುತ್ತಾನೆ, ಅಷ್ಟೇ. ಅದಕ್ಕೇ ಈ ಅಳತೆ ನನ್ನ ದೋಣಿಯದ್ದಾದರೆ ಸಾಲದು, ಹೊಳೆಯದ್ದಾಗಬೇಕು ಅನ್ನುವುದು.

ಇನ್ನೊಂದು ವಿಷಯ ಮಳೆಗಾಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಸಮುದ್ರ ಬಂದ್ ಅಂತ ಎಲ್ಲರಿಗೂ ಗೊತ್ತು. ಬಂದರಿನಲ್ಲಿ ಬೋಟು ಸಾಲಾಗಿ ಕಟ್ಟಿ ಹಾಕಿರುತ್ತಾರೆ. ನಾಡದೋಣಿಗೆ ಆ ನಿಷೇಧ ಇಲ್ಲ, ಇರಲೂ ಬಾರದು. ಆದರೆ ಅದೇ ಹೊತ್ತಿಗೆ ದೊಡ್ಡ ಕುರುಡಿಗಳು ಮೊಟ್ಟೆಯಿಡಲು ಅಳಿವೆ ಕಡೆಗೆ ಇಳಿಯುತ್ತವೆ. ರಾಡ್ ಹಿಡಿದವರಿಗೂ ಅದು ಗೊತ್ತು, 'ಮಳೆಗೆ ಮೊದಲು ದೊಡ್ಡದು ಬೀಳುತ್ತದೆ' ಅಂತ ಅವರ ಗುಂಪುಗಳಲ್ಲಿ ಮಾತಾಡಿಕೊಂಡು ಬರುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಪೂರ್ವ ಕರಾವಳಿಯಲ್ಲಿ ನವೆಂಬರ್ 1ರಿಂದ ಫೆಬ್ರುವರಿ 1ರ ತನಕ ಹೊಳೆ ಸಮುದ್ರಗಳಲ್ಲಿ ಬಾರಮುಂಡಿ ಹಿಡಿಯುವಂತಿಲ್ಲವಂತೆ, ಅಲ್ಲಿ ಮಳೆಯ ಕಾಲ ಶುರುವಾಗುವುದು ಆಗ. ನಮ್ಮಲ್ಲೂ ಮೋಜಿಗೆ ಗಾಳ ಹಾಕುವವರು ಆ ಎರಡು ತಿಂಗಳು ಅಳಿವೆಗೆ ಬಾರದಿದ್ದರೆ ಯಾರ ಗಂಟು ಹೋಗುತ್ತದೆ? ನಾನು ನಾಲ್ಕು ವರ್ಷದಿಂದ ಆ ಎರಡು ತಿಂಗಳು ಗಿರಾಕಿ ಹತ್ತಿಸಿಲ್ಲ. ಹೇಗೂ ಅಳಿವೆಯ ತೆರೆ ಆಗ ಗೋಡೆಯ ಹಾಗೆ ಎದ್ದು ಬರುತ್ತದೆ, ಪೇಟೆಯವರನ್ನು ಕೂರಿಸಿಕೊಂಡು ಹೋಗುವ ಜಾಗ ಅಲ್ಲ ಅದು.

ಇಷ್ಟು ಹೇಳಿದ ಮೇಲೆ ನನ್ನ ಅಣ್ಣನ ಮಾತನ್ನೂ ಬರೆಯಬೇಕು. ಅಣ್ಣ ಈಗಲೂ ಬಲೆಯವನು. ನಾನು ಅಳತೆ, ಕಟ್ಟಳೆ ಅಂತ ಶುರು ಮಾಡಿದರೆ ಅವನು ಬೀಡಿ ಆರಿಸಿ ಕೇಳುತ್ತಾನೆ, 'ಇವತ್ತು ರಾಡಿನವರಿಗೆ ಅಳತೆ, ನಾಳೆ ನನ್ನ ಬಲೆಗೆ ಬೀಗ. ಅಲ್ದಾ?' ಅವನ ಹೆದರಿಕೆ ಸುಳ್ಳಲ್ಲ. ಮಗಳು ಅಮೆರಿಕದ ಫ್ಲೋರಿಡಾದ ವಿಷಯ ಹುಡುಕಿ ತೋರಿಸಿದಳು. ಅಲ್ಲಿ ನಮ್ಮ ಹಾಗೇ ಬೆಚ್ಚಗಿನ ನೀರು, ಕಾಂಡ್ಲಾ ಕಾಡು, ಗೈಡ್ ದೋಣಿಗಳು ಸಾಲು ಸಾಲು. ದೋಣಿ ನಡೆಸಲು ಕ್ಯಾಪ್ಟನ್ ಲೈಸೆನ್ಸ್ ಬೇಕು. ಗಿರಾಕಿ ಬೇರೆ ಲೈಸೆನ್ಸ್ ಮಾಡಿಸಬೇಕಿಲ್ಲ, ದೋಣಿಯದ್ದೇ ಅವರಿಗೂ ಆಗುತ್ತದೆ. ಅವರ ಮುದ್ದಿನ ರೆಡ್‌ಫಿಶ್ 18ರಿಂದ 27 ಇಂಚಿನೊಳಗೆ ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು. ಇಂಡಿಯನ್ ರಿವರ್ ಲಗೂನ್ ಅನ್ನುವ ಹಿನ್ನೀರಿನಲ್ಲಿ 2022ರಲ್ಲಿ ಅದನ್ನೂ ನಿಲ್ಲಿಸಿ, ಎಲ್ಲ ವಾಪಸ್ ಬಿಡಬೇಕು ಅಂತ ಮಾಡಿದ್ದರು. ಇದೆಲ್ಲ ಕೇಳಿ ನನಗೆ ಖುಷಿಯಾಯಿತು. ಆದರೆ ಅದೇ ಫ್ಲೋರಿಡಾದಲ್ಲಿ 1994ರಲ್ಲಿ ಜನ ವೋಟು ಹಾಕಿ ದಡದ ಹತ್ತಿರದ ನೀರಿನಲ್ಲಿ ದೊಡ್ಡ ಬಲೆಗಳನ್ನೇ ನಿಲ್ಲಿಸಿದರು. 1995ರ ಜುಲೈಗೆ ಅದು ಜಾರಿಗೆ ಬಂತು. ತಲೆತಲಾಂತರದಿಂದ ಬಲೆ ಹಾಕುತ್ತಿದ್ದವರು ಬಲೆ ಸುತ್ತಿ ಒಳಗಿಟ್ಟರು. ಬಲೆ ನಿಲ್ಲಿಸಿ ಅಂತ ಮುಂದೆ ನಿಂತವರಲ್ಲಿ ರಾಡ್ ಹಿಡಿದವರೇ ಜಾಸ್ತಿ.

ಅದನ್ನು ಓದಿ ಅಣ್ಣ ನನ್ನ ಮುಖ ನೋಡಿದ. ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇಷ್ಟು ಹೇಳಬಲ್ಲೆ. ನಾನು ಕೇಳುವ ಅಳತೆ ಮೋಜಿಗೆ ಹಿಡಿಯುವವರಿಗೆ. ಹೊಟ್ಟೆಪಾಡಿಗೆ ಬೀಸುಬಲೆ ಹಾಕುವವರಿಗೆ, ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರಿಗೆ, ದಡದಿಂದ ಕೈಯಲ್ಲೇ ಬಲೆ ಎಳೆಯುವ ಕೈರಂಪಣಿಯವರಿಗೆ ಇದರ ಬಿಸಿ ತಾಗಬಾರದು. ಹೊಳೆ ಮೊದಲು ಅವರದ್ದು. ರಾಡಿನವರು ನೆಂಟರು, ನೆಂಟರು ಮನೆಯವರನ್ನು ಹೊರಗೆ ಹಾಕುವುದಿಲ್ಲ.

ನಮ್ಮ ರಾಜ್ಯದಲ್ಲೇ ಹಿಂದೆ ಇಂಥದ್ದು ನಡೆದಿತ್ತು ಅಂತ ಹಳೆಯ ಗಿರಾಕಿಗಳು ಹೇಳುತ್ತಾರೆ. ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಯಲ್ಲಿ ಮಹಶೀರ್ ಹಿಡಿದು, ತೂಕ ನೋಡಿ, ವಾಪಸ್ ಬಿಡುತ್ತಿದ್ದರಂತೆ. ದಾರಿ ತೋರಿಸುವವರೆಲ್ಲ ಆಸುಪಾಸಿನ ಹಳ್ಳಿಯವರು, ಅವರಲ್ಲಿ ಕೆಲವರು ಮೊದಲು ಮದ್ದು ಸಿಡಿಸಿ ಮೀನು ಹೊಡೆಯುತ್ತಿದ್ದವರು. ಸಂಬಳ ಬಂದ ಮೇಲೆ ಅವರೇ ಕಾವಲುಗಾರರಾದರು. ಆಮೇಲೆ ಜಾಗ ಅಭಯಾರಣ್ಯದೊಳಗೆ ಇದ್ದದ್ದರಿಂದ ಗಾಳ ನಿಂತಿತು. ಅದು ಕಾಡಿನ ಕಾನೂನು, ಅದರ ಬಗ್ಗೆ ನಾನು ಮಾತಾಡಲಾರೆ. ಆದರೆ ಮೀನು ಬಿಟ್ಟರೂ ಹೊಟ್ಟೆ ತುಂಬುತ್ತದೆ ಅಂತ ನಮ್ಮವರೇ ಮಾಡಿ ತೋರಿಸಿದ್ದಾರೆ ಅನ್ನುವುದಕ್ಕೆ ಹೇಳಿದೆ.

ಕೊನೆಯದಾಗಿ ದೋಣಿಯ ಪುಸ್ತಕದ, ಅಂದರೆ ನೋಂದಣಿ ಪುಸ್ತಕದ ವಿಷಯ. ನನ್ನ ದೋಣಿಯ ಪುಸ್ತಕದಲ್ಲಿ 'ಮೀನುಗಾರಿಕೆ' ಅಂತ ಬರೆದಿದೆ. ಜನ ಕೂರಿಸುವುದು ಅದರಲ್ಲಿ ಬರುವುದಿಲ್ಲ. ಅದನ್ನು ಸರಿ ಮಾಡಿಸೋಣ ಅಂತ ಎರಡು ವರ್ಷದ ಹಿಂದೆ ಒಂದು ಕಚೇರಿಗೆ ಹೋದೆ. ಇದು ಪ್ರವಾಸ, ಅಲ್ಲಿ ಕೇಳಿ ಅಂದರು. ಅಲ್ಲಿ ಹೋದರೆ ಇದು ಮೀನು, ಇಲ್ಲಿ ಕೇಳಿ ಅಂದರು. ಮೂರನೆಯ ಕಡೆ ಒಬ್ಬ ಸಾಹೇಬರು ಒಳ್ಳೆಯವರು, ಕೂರಿಸಿ ಟೀ ಕೊಟ್ಟು, 'ನಿಮ್ಮದು ಯಾವ ಕಾಲಮ್ಮಿಗೂ ಕೂರುವುದಿಲ್ಲ ಮಾರಾಯ್ರೆ' ಅಂದರು. ಟೀ ಚೆನ್ನಾಗಿತ್ತು.

ನಗಬೇಡಿ, ಇದರಲ್ಲಿ ಹೆದರಿಕೆಯ ವಿಷಯ ಇದೆ. ನಾನು ಮೀನುಗಾರ ಅಂತ ನನ್ನ ಹೆಸರಿಗೆ ಅಪಘಾತ ವಿಮೆ ಇದೆ, ಸತ್ತರೆ ಐದು ಲಕ್ಷ ಬರುತ್ತದೆ. ನನ್ನ ದೋಣಿಯಲ್ಲಿ ಕೂತ ಗಿರಾಕಿಗೆ ಏನಾದರೂ ಆದರೆ ಅವರ ಮನೆಯವರಿಗೆ ನನ್ನ ಕಡೆಯಿಂದ ಕೊಡಲು ಏನೂ ಇಲ್ಲ. ಹೊಸಬರು ಒಬ್ಬಿಬ್ಬರು ಲೈಫ್ ಜಾಕೆಟ್ ಕೂಡ ಇಲ್ಲದೆ ನಾಲ್ಕು ನಾಲ್ಕು ಜನರನ್ನು ಕೂರಿಸಿ ಅಳಿವೆ ಬಾಯಿಯ ತನಕ ಹೋಗುತ್ತಾರೆ. ಕೇಳುವವರಿಲ್ಲ, ಯಾಕೆಂದರೆ ಪುಸ್ತಕದ ಪ್ರಕಾರ ಅಂಥ ದೋಣಿಯೇ ಇಲ್ಲ. ಒಂದು ದಿನ ಯಾರಾದರೂ ಮುಳುಗಿದರೆ ಮರುದಿನವೇ ಎಲ್ಲ ದೋಣಿ ಬಂದ್ ಮಾಡುತ್ತಾರೆ, ಆಗ ನಾನು ಮಾಡಿದ ಕಟ್ಟಳೆಯನ್ನು ಯಾರು ನೋಡುತ್ತಾರೆ?

ಆದ್ದರಿಂದ ನಿಲ್ಲಿಸಿ ಅಂತ ಬರೆದ ಆ ಓದುಗರಿಗೆ ನನ್ನ ವಿನಂತಿ. ನೀವು ಇನ್ನೊಂದು ಪತ್ರ ಬರೆಯಿರಿ, ನಿಮ್ಮ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ. ಗಿರಾಕಿ ಕೂರಿಸುವ ಗಾಳದ ದೋಣಿಗೆ ಒಂದು ಬೇರೆ ಪುಸ್ತಕ ಕೊಡಿ, ಜಾಕೆಟ್ಟು ವಿಮೆ ಇದ್ದರೆ ಮಾತ್ರ ಕೊಡಿ ಅಂತ ಬರೆಯಿರಿ. ಆ ಪುಸ್ತಕದ ಮೊದಲ ಪುಟದಲ್ಲೇ ಕುರುಡಿಯ ಅಳತೆ ಅಚ್ಚು ಹಾಕಲಿ. ಎಷ್ಟು ಅಂತ ಕಾರವಾರದಲ್ಲಿರುವ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರದಂಥ ಕಡೆ ಇರುವ ಮೀನಿನ ವಿಜ್ಞಾನಿಗಳನ್ನು ಕೇಳಿದರೆ ಹೇಳುತ್ತಾರೆ. ಅಳತೆ ಮೀರಿದ ಮೀನು ದೋಣಿಯಲ್ಲಿ ಕಂಡರೆ ಪುಸ್ತಕ ಕಿತ್ತುಕೊಳ್ಳಲಿ, ನನ್ನದನ್ನೂ ಸೇರಿಸಿ.

ಒಮ್ಮೆ ನೀವೇ ಬನ್ನಿ ಅಂತಲೂ ಕೇಳುತ್ತೇನೆ. ದುಡ್ಡು ಬೇಡ. ರಾಡ್ ಹಿಡಿಯಬೇಕಾಗಿಲ್ಲ, ಸುಮ್ನೆ ಕೂತು ನೋಡಿ. ಬರುವ ಅಮಾಸೆಯ ಮರುದಿನ ಬೆಳಗ್ಗೆ ಐದೂವರೆಗೆ ನೀರು ಇಳಿದಿರುತ್ತದೆ. ಆ ದಿನ ಗಿರಾಕಿ ತಗೊಳ್ಳದೆ ಇಡುತ್ತೇನೆ.

ಸಂಪಾದಕರೇ, ಪತ್ರ ಉದ್ದವಾಯಿತು. ಕತ್ತರಿಸುವುದಿದ್ದರೆ ಕೆಂಬೇರಿಯ ಸುದ್ದಿ ಕತ್ತರಿಸಿ, ಟೀಯ ಸುದ್ದಿ ಕತ್ತರಿಸಿ. ಕುರುಡಿ ಮೊದಲು ಗಂಡು ಆಮೇಲೆ ಹೆಣ್ಣು ಅನ್ನುವ ಸಾಲು ಬಿಡಬೇಡಿ. ನನ್ನ ಹೆಸರು ಹಾಕಬೇಡಿ, ಕಾರಣ ಮೇಲೆಯೇ ಹೇಳಿದ್ದೇನೆ, ಪುಸ್ತಕದಲ್ಲಿ ನನ್ನ ದೋಣಿ ಬರೀ ಮೀನಿನದ್ದು.

ಇತಿ,
ಗಂಗೊಳ್ಳಿಯ ಒಬ್ಬ ದೋಣಿಯವ